ಕೈಯ ಗುರುತು: ಕಲೆಯ ಹುಡುಕಾಟದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬರುವ ಜನವರಿಯಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಚಿತ್ರಸಂತೆಗೆ ಹೋಗಬೇಕೆಂದಿದ್ದೇನೆ. ಕಲೆಯ ಬಗ್ಗೆ ನನಗೆ ತಿಳಿವಳಿಕೆ ಕಡಿಮೆ. ಅಷ್ಟೊಂದು ಚಿತ್ರಗಳ ನಡುವೆ ನೋಡುವುದು ಹೇಗೆ? ಕೈಯಲ್ಲಿ ಬರೆದದ್ದಕ್ಕೂ ಅಚ್ಚು ಹಾಕಿಸಿದ್ದಕ್ಕೂ ವ್ಯತ್ಯಾಸ ತಿಳಿಯುವ ಬಗೆ ಯಾವುದು? ಚೌಕಾಸಿ ಮಾಡಬಹುದೇ?
– ಒಬ್ಬ ಶಿಕ್ಷಕಿ, ಮಂಡ್ಯ

ಉತ್ತರ: ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಈ ಸಂತೆ ಇರುವುದು ಒಂದೇ ದಿನ, ಸಾಮಾನ್ಯವಾಗಿ ಜನವರಿಯ ಮೊದಲನೆಯ ಅಥವಾ ಎರಡನೆಯ ಭಾನುವಾರ. ಅಂದು ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲುತ್ತದೆ. ಹಲವು ರಾಜ್ಯಗಳಿಂದ ಬಂದ ಕಲಾವಿದರು ರಸ್ತೆಯ ಎರಡೂ ಬದಿಯಲ್ಲಿ ತಮ್ಮ ಚಿತ್ರಗಳನ್ನು ಒರಗಿಸಿಕೊಂಡು ಕೂರುತ್ತಾರೆ. ಪ್ರವೇಶಕ್ಕೆ ಶುಲ್ಕವಿಲ್ಲ. ಹನ್ನೊಂದು ಗಂಟೆಯ ಮೇಲೆ ಜನ ಎಷ್ಟು ಸೇರುತ್ತಾರೆಂದರೆ ನೀವು ಚಿತ್ರಗಳನ್ನಲ್ಲ, ಮುಂದಿನವರ ಬೆನ್ನನ್ನು ನೋಡುತ್ತಾ ನಡೆಯಬೇಕಾಗುತ್ತದೆ. ಆದ್ದರಿಂದ ಮಂಡ್ಯದಿಂದ ಬೆಳಗಿನ ಮೊದಲ ರೈಲನ್ನೇ ಹಿಡಿಯುವುದು ಒಳ್ಳೆಯದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಏನನ್ನೂ ಕೊಳ್ಳದೆ ಒಮ್ಮೆ ನಡೆದುಬಿಡಿ. ಮಕ್ಕಳು ಎಲ್ಲಿ ತಾವಾಗಿಯೇ ನಿಂತರೋ ಆ ಜಾಗಗಳನ್ನು ನೆನಪಿಟ್ಟುಕೊಂಡು, ಹಿಂತಿರುಗುವಾಗ ಅಲ್ಲಿ ಮಾತ್ರ ನಿಲ್ಲಿ.

ಅಚ್ಚಿನ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋದವನು. ಬೇರೊಂದು ಊರಿನ ಮೇಳದಲ್ಲಿ ಕೊಂಡ ‘ಕೈಬರಹದ’ ಭೂದೃಶ್ಯವೊಂದನ್ನು ಮನೆಯ ಕಿಟಕಿಯ ಬೆಳಕಿಗೆ ಹಿಡಿದಾಗ, ಕ್ಯಾನ್ವಾಸಿನ ಮೇಲೆ ಮುದ್ರಿಸಿದ ಚಿತ್ರಕ್ಕೆ ಅಲ್ಲಲ್ಲಿ ನಾಲ್ಕು ಗೀರು ಬಣ್ಣ ಬಳಿದಿದ್ದಾರೆಂಬುದು ಕಂಡಿತು. ಅಂದಿನಿಂದ ನಾನು ಚಿತ್ರವನ್ನು ಎದುರಿನಿಂದ ನೋಡುವ ಮೊದಲು ಪಕ್ಕದಿಂದ ನೋಡುತ್ತೇನೆ. ಓರೆಯಾಗಿ ನೋಡಿದಾಗ ಕುಂಚ ಎಲ್ಲಿ ಒತ್ತಿತು, ಎಲ್ಲಿ ಎದ್ದಿತು ಎಂಬುದು ಬಣ್ಣದ ಏರುತಗ್ಗುಗಳಲ್ಲಿ ತಿಳಿಯುತ್ತದೆ, ಮತ್ತು ಆ ಏರುತಗ್ಗು ಚಿತ್ರದ ಗೆರೆಯ ಜೊತೆಗೇ ಸಾಗುತ್ತದೆ. ಅಚ್ಚಿನ ಮೇಲೆ ಬಳಿದ ಬಣ್ಣವಾದರೆ ಗೆರೆ ಒಂದು ಕಡೆ, ಉಬ್ಬು ಇನ್ನೊಂದು ಕಡೆ ಇರುತ್ತದೆ. ಒಂದು ಸಣ್ಣ ಭೂತಗನ್ನಡಿ ಚೀಲದಲ್ಲಿದ್ದರೆ ಮಕ್ಕಳಿಗೂ ಆಟವಾಗುತ್ತದೆ: ಮುದ್ರಣವಾಗಿದ್ದರೆ ಬಣ್ಣದ ಚುಕ್ಕಿಗಳು ಕಾಣುತ್ತವೆ. ಅಚ್ಚು ಕೊಳ್ಳುವುದೇ ತಪ್ಪು ಎಂದು ನನ್ನ ಮಾತಿನ ಅರ್ಥವಲ್ಲ. ಅಚ್ಚೆಂದು ಹೇಳಿ ಅಚ್ಚಿನ ಬೆಲೆಗೆ ಮಾರಿದರೆ ತಕರಾರಿಲ್ಲ.

ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಕ್ಕೆ ಪರೀಕ್ಷೆ ಇನ್ನೂ ಸುಲಭ. ಒಡವೆ, ಕಿರೀಟ, ಮಂಟಪದ ಅಂಚುಗಳಲ್ಲಿ ಸಫೇದ ಎಂಬ ಬಿಳಿ ಪುಡಿ ಮತ್ತು ಗೋಂದನ್ನು ಕಲಸಿ ಎತ್ತರಿಸಿದ ಕೆಲಸವಿರುತ್ತದೆ. ಅದರ ಮೇಲೆ ಚಿನ್ನದ ರೇಕು ಕೂರುತ್ತದೆ. ತಂಜಾವೂರಿನ ಚಿತ್ರದಲ್ಲಿ ಈ ಉಬ್ಬು ದಪ್ಪ, ಕಲ್ಲುಗಳೂ ಇರುತ್ತವೆ. ಮೈಸೂರಿನದರಲ್ಲಿ ಉಬ್ಬು ತೆಳು, ನಾಜೂಕು. ಇವೆರಡನ್ನೂ ಒಂದೇ ಹೆಸರಿನಲ್ಲಿ ಮಾರುವವರು ಇದ್ದಾರೆ. ಸಂತೆಯ ಗದ್ದಲವಿಲ್ಲದ ಇನ್ನೊಂದು ದಿನ ಪರಿಷತ್ತಿನ ಒಳಗಿನ ಸಂಗ್ರಹವನ್ನು ಮಕ್ಕಳಿಗೆ ತೋರಿಸಿ. 1960ರಲ್ಲಿ ಸಂಸ್ಥೆಯನ್ನು ಕಟ್ಟಿದ ಎಂ. ಎಸ್. ನಂಜುಂಡರಾವ್ ಅವರ ಆಸಕ್ತಿಯ ಫಲವಾಗಿ ಹಳೆಯ ಮೈಸೂರು ಚಿತ್ರಗಳೂ ತೊಗಲುಗೊಂಬೆಗಳೂ ಅಲ್ಲಿ ಸೇರಿವೆ. ಅವನ್ನು ಒಮ್ಮೆ ನೋಡಿದ ಕಣ್ಣು ರಸ್ತೆಯ ಚಿತ್ರದ ಮುಂದೆ ಅಷ್ಟು ಬೇಗ ಮರುಳಾಗುವುದಿಲ್ಲ.

ಚೌಕಾಸಿಯ ಬಗ್ಗೆ: ಕಲಾವಿದರೇ ಎದುರಿಗೆ ಕುಳಿತಿರುವಾಗ ‘ಎಷ್ಟು’ ಎನ್ನುವ ಮೊದಲು ‘ಹೇಗೆ ಮಾಡಿದಿರಿ’ ಎಂದು ಕೇಳಿ. ಉತ್ತರ ಕೇಳಿದ ಮೇಲೆ ಅರ್ಧ ಬೆಲೆಗೆ ಕೇಳಲು ನಿಮಗೇ ಬಾಯಿ ಬರುವುದಿಲ್ಲ. ಬೆಲೆ ನಿಲುಕದಿದ್ದರೆ ಚಿಕ್ಕ ಅಳತೆಯ ಕೃತಿ ಇದೆಯೇ ಎಂದು ವಿಚಾರಿಸಬಹುದು. ಬಹಳ ಜನರಲ್ಲಿ ಇರುತ್ತದೆ. ಇನ್ನೊಂದು ಮಾತು: ಮಂಡ್ಯದಿಂದ ಎಂದಾದರೂ ಕಾರಿನಲ್ಲಿ ಬರುವುದಾದರೆ ಹೊಸ ಹೆದ್ದಾರಿಯನ್ನು ಬಿಟ್ಟು ಹಳೆಯ ರಸ್ತೆಯಲ್ಲಿ ಬನ್ನಿ. ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುವ ಆ ಹೆದ್ದಾರಿ 2023ರಲ್ಲಿ ತೆರೆದ ಮೇಲೆ ರಸ್ತೆಬದಿಯ ಗೊಂಬೆ ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ. ಅಲ್ಲಿ ಆಲೆಮರದ ತುಂಡು ಲೇತ್ ಯಂತ್ರದಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹತ್ತುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು.

ಪ್ರಶ್ನೆ: ಪುಣೆಯಲ್ಲಿ ನೆಲೆಸಿರುವ ಧಾರವಾಡದವಳು ನಾನು. ಇಲ್ಲಿಯ ಪ್ರದರ್ಶನವೊಂದರಲ್ಲಿ ‘ಕೈ ಕಸೂತಿ’ ಎಂದು ಸೀರೆ ಮಾರುತ್ತಿದ್ದರು. ಹಿಂಬದಿ ಮುಂಬದಿ ಒಂದೇ ರೀತಿ ಇದ್ದರೆ ಮಾತ್ರ ನಿಜವಾದ ಕಸೂತಿ ಎಂದು ಅವ್ವ ಹೇಳುತ್ತಿದ್ದಳು. ಆ ಸೀರೆಯ ಹಿಂಬದಿ ಬೇರೆಯಾಗಿತ್ತು. ಬಿಟ್ಟು ಬಂದೆ. ಸರಿ ಮಾಡಿದೆನೇ?

ಉತ್ತರ: ನಿಮ್ಮ ಅವ್ವ ಹೇಳಿದ್ದು ಮುಕ್ಕಾಲು ಪಾಲು ಸರಿ. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿ ಮತ್ತು ಮುರ್ಗಿ ಎರಡೂ ಕಡೆ ಒಂದೇ ಸಮ ಕಾಣುತ್ತವೆ: ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತಾ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ, ಗಂಟು ಹಾಕುವುದಿಲ್ಲ. ಆದರೆ ನೇಗಿ ಎಂಬುದು ನೇಯ್ಗೆಯಂತೆ ಕಾಣುವ ಉದ್ದ ಹೊಲಿಗೆ. ಮೆಂತಿ ಎಂಬುದು ಎಳೆಗಳನ್ನು ಅಡ್ಡಡ್ಡ ಹಾಯಿಸಿ ತುಂಬುವಂಥದ್ದು. ಇವೆರಡರ ಹಿಂಬದಿ ಬೇರೆಯಾಗಿಯೇ ಇರುತ್ತದೆ. ನೀವು ಬಿಟ್ಟು ಬಂದ ಸೀರೆಯ ಸೆರಗಿನಲ್ಲಿ ತೇರು, ಆನೆ, ತುಳಸಿ ವೃಂದಾವನಗಳ ಒಡಲು ಒತ್ತಾಗಿ ತುಂಬಿದ್ದರೆ ಅದು ಮೆಂತಿಯಾಗಿರಬಹುದು.

ಹಾಗಾದರೆ ಯಂತ್ರದ ಕೆಲಸವನ್ನು ಹಿಡಿಯುವುದು ಹೇಗೆಂದರೆ, ಸೆರಗನ್ನು ಮಗುಚಿದಾಗ ಹಿಂದೆ ಬೇರೆಯೇ ಬಣ್ಣದ, ಹೆಚ್ಚಾಗಿ ಬಿಳಿಯ, ದಾರ ಓಡಿದ್ದರೆ ಅದು ಬಾಬಿನ್ನಿನ ದಾರ. ಹೊಲಿಗೆಯ ಕೆಳಗೆ ಬಿರುಸಾದ ಕಾಗದದಂಥ ಆಸರೆ ಉಳಿದಿದ್ದರೆ ಮತ್ತೆ ವಿಚಾರಿಸುವ ಅಗತ್ಯವೇ ಇಲ್ಲ. ಕೈ ಕಸೂತಿಗೆ ನಕ್ಷೆಯನ್ನು ಬಟ್ಟೆಯ ಮೇಲೆ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಹಾಗಾಗಿ ಪೆನ್ಸಿಲ್ ಗೆರೆ ಕಂಡರೂ ಅನುಮಾನಿಸಿ. ಎಳೆ ಎಣಿಸಲಾಗದ ನುಣುಪು ರೇಷ್ಮೆಯ ಮೇಲೆ ಈಗ ಜಾಲರಿ ಬಟ್ಟೆಯೊಂದನ್ನು ಹಾಸಿ, ಅದರ ಮನೆ ಎಣಿಸಿ ಹೊಲಿದು, ಕೊನೆಗೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾರೆ. ಅದೂ ಕೈಕೆಲಸವೇ. ಒಮ್ಮೆ ಮನೆಯ ಹಳೆಯ ಚಂದ್ರಕಾಳಿ ಸೀರೆ ಪೆಟ್ಟಿಗೆಯಲ್ಲಿದೆಯೇ ನೋಡಿ. ಕಪ್ಪು ಒಡಲಿನ ಆ ಸೀರೆಗಿಂತ ಒಳ್ಳೆಯ ಪಠ್ಯಪುಸ್ತಕ ಈ ವಿಷಯಕ್ಕೆ ಸಿಗದು.

ಪ್ರಶ್ನೆ: ನಾವು ನಾಲ್ವರು ಗೆಳೆಯರು ನಮ್ಮ ಬಡಾವಣೆಯ ಗೋಡೆಗಳ ಮೇಲೆ ಚಿತ್ರ ಬರೆಯಬೇಕೆಂದಿದ್ದೇವೆ. ಬೀದಿಚಿತ್ರ ಎಂದರೆ ಅನುಮತಿ ಕೇಳದೆ ಬರೆಯುವುದು ಎಂದು ಒಬ್ಬನ ವಾದ. ನಿಮ್ಮ ಅಭಿಪ್ರಾಯವೇನು?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಗೆಳೆಯನ ವಾದಕ್ಕೆ ಕಾನೂನಿನ ಬೆಂಬಲವಿಲ್ಲ. ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳಗಳನ್ನು ಅಂದಗೆಡಿಸುವುದರ ವಿರುದ್ಧ ನಮ್ಮ ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ. ಖಾಸಗಿ ಗೋಡೆಗೆ ಮನೆಯ ಯಜಮಾನರ ಒಪ್ಪಿಗೆಯನ್ನೂ ಸರ್ಕಾರಿ ಗೋಡೆಗೆ ಪಾಲಿಕೆಯ ಅನುಮತಿಯನ್ನೂ ಬರಹದಲ್ಲಿ ಪಡೆಯಿರಿ.

ಆದರೆ ಅನುಮತಿ ಸಿಕ್ಕ ಮಾತ್ರಕ್ಕೆ ಚಿತ್ರ ಬೀದಿಯದಾಗುವುದಿಲ್ಲ ಎಂಬ ಅಂಶ ಆ ವಾದದೊಳಗೆ ಇದ್ದರೆ ನಾನು ಒಪ್ಪುತ್ತೇನೆ. 2009ರ ಸುಮಾರಿಗೆ ಬೆಂಗಳೂರಿನ ಪಾಲಿಕೆ, ಪೋಸ್ಟರುಗಳ ಹಾವಳಿ ತಪ್ಪಿಸಲು, ಬ್ಯಾನರ್ ಬರೆಯುತ್ತಿದ್ದ ಕಲಾವಿದರಿಂದ ಗೋಡೆಗೋಡೆಗಳ ಮೇಲೆ ಅರಮನೆ, ಜಲಪಾತ, ಹಂಪಿಯ ಕಲ್ಲಿನ ರಥಗಳನ್ನು ಬರೆಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದವರ ಕೈಗೆ ಕುಂಚ ಮರಳಿತು, ಅದು ಸಣ್ಣ ಸಂಗತಿಯಲ್ಲ. ಆದರೂ ಅವು ಯಾವ ಊರಿನ ಯಾವ ಗೋಡೆಗೂ ಸಲ್ಲುವ ಚಿತ್ರಗಳಾಗಿದ್ದವು. ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೊಳವಾಗಿಸಿ ಅದರಲ್ಲಿ ಮೊಸಳೆಯನ್ನು ಕೂರಿಸಿದ್ದು ಆ ಗುಂಡಿಗೆ ಮಾತ್ರ ಸಲ್ಲುವ ಕೃತಿ. 2019ರಲ್ಲಿ, ಚಂದ್ರಯಾನ-2 ಚಂದ್ರನ ಸಮೀಪ ಸುತ್ತುತ್ತಿದ್ದ ದಿನಗಳಲ್ಲೇ, ಗಗನಯಾತ್ರಿಯ ವೇಷದ ನಟನನ್ನು ಬೆಂಗಳೂರಿನ ಹದಗೆಟ್ಟ ರಸ್ತೆಯ ಮೇಲೆ ನಡೆಸಿದ ಅವರ ದೃಶ್ಯವೂ ಹಾಗೆಯೇ. ಎರಡೂ ಸಲ ರಸ್ತೆಗೆ ದುರಸ್ತಿ ಬಂದಿತು, ಕೃತಿ ಅಲ್ಲಿಗೆ ಮುಗಿಯಿತು.

ನಿಮ್ಮ ಗೋಡೆಯ ಮುಂದೆ ಒಂದು ವಾರ ನಿಂತು ನೋಡಿ: ಯಾರು ಅಲ್ಲಿ ಬಸ್ಸಿಗೆ ಕಾಯುತ್ತಾರೆ, ಯಾರು ಮಂಡಕ್ಕಿ ಮಾರುತ್ತಾರೆ, ಮಳೆ ನೀರು ಎಲ್ಲಿ ಇಳಿಯುತ್ತದೆ. ವಿಷಯ ಅಲ್ಲಿಂದ ಹುಟ್ಟಲಿ. ಉಳಿದದ್ದು ಕಸುಬು. ಹಳೆಯ ಸುಣ್ಣ ಏಳುತ್ತಿದ್ದರೆ ಕೆರೆದು ತೆಗೆದು, ತೇವ ಪೂರ್ತಿ ಆರಿದ ಮೇಲೆ ಪ್ರೈಮರ್ ಹೊಡೆದು, ಕಾಗದದ ಮೇಲಿನ ಚಿತ್ರಕ್ಕೂ ಗೋಡೆಗೂ ಚೌಕಳಿ ಹಾಕಿ ಮನೆಯಿಂದ ಮನೆಗೆ ದೊಡ್ಡದು ಮಾಡಿಕೊಳ್ಳಿ. ಹೊರಗೋಡೆಯ ಎಮಲ್ಷನ್ ಬಣ್ಣವನ್ನೇ ಬಳಸಿ. ನಿಮ್ಮೂರಿನಲ್ಲೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿಗಳನ್ನು ಜೊತೆಗೆ ಸೇರಿಸಿಕೊಂಡರೆ ಇಬ್ಬರಿಗೂ ಲಾಭ.

ಪ್ರಶ್ನೆ: ಹಸೆ ಚಿತ್ತಾರವನ್ನು ಚೌಕಟ್ಟಿನಲ್ಲಿ ಅಲ್ಲದೆ ಅದರ ಜಾಗದಲ್ಲೇ ನೋಡಬೇಕು. ಯಾವಾಗ, ಎಲ್ಲಿಗೆ ಹೋಗಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಗರ, ಸೊರಬ ಸೀಮೆಯ ದೀವರು ಸಮುದಾಯದವರ ಮನೆಗಳಿಗೆ ಹೋಗಬೇಕು, ಗುರುತಿನವರ ಮೂಲಕವೇ ಹೋಗಿ, ಅದು ಪ್ರದರ್ಶನಾಲಯವಲ್ಲ. ಮದುವೆ ನಿಶ್ಚಯವಾದ ಮನೆಯಾದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುವುದನ್ನು ನೋಡಬಹುದು. ಕಪ್ಪಿಗೆ ಹುರಿದು ಕರಿಯಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಬೀಜ.

ಮದುವೆಯ ಕರೆ ಇಲ್ಲದಿದ್ದರೆ ಭೂಮಿ ಹುಣ್ಣಿಮೆಗೆ ಹೋಗಿ, ನಿಮ್ಮ ಕಡೆ ಸೀಗಿ ಹುಣ್ಣಿಮೆ ಎನ್ನುವ ದಿನವೇ ಅದು. ಹಬ್ಬಕ್ಕೆ ಕೆಲವು ದಿನ ಮೊದಲೇ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಆರಿದ ಮೇಲೆ ಚಿತ್ತಾರ ಬರೆಯುತ್ತಾರೆ. ಅದಕ್ಕೆ ಭೂಮಣ್ಣಿ ಬುಟ್ಟಿ ಎಂದು ಹೆಸರು. ಬಸುರಿ ಬತ್ತದ ಪೈರಿಗೆ ಬಯಕೆಯ ಅಡುಗೆಯನ್ನು ಅದರಲ್ಲಿ ತುಂಬಿ, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೊರುತ್ತಾರೆ. ಆದ್ದರಿಂದ ಹಬ್ಬದ ದಿನ ಬೆಳಗಿನ ಬಸ್ಸಿಗೆ ಹೊರಟರೆ ಪ್ರಯೋಜನವಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ಆ ಊರು ಸೇರಿ ರಾತ್ರಿ ಅಲ್ಲೇ ಉಳಿಯಿರಿ.