ಟೀ ಫ್ಲಾಸ್ಕನ್ನು ಮನೆಯಲ್ಲೇ ಬಿಟ್ಟು ತಾಲೀಮಿಗೆ ಹೋಗಿ

ತುಮಕೂರಿನ ಓದುಗರೊಬ್ಬರ ಪತ್ರ ಒಂದು ವಾರದಿಂದ ನನ್ನ ಮೇಜಿನ ಮೇಲಿದೆ. ಬೇರೆಯವರಿಗೆ ಉತ್ತರ ಬರೆಯಲು ಕುಳಿತಾಗಲೂ ಮನಸ್ಸು ಇದರ ಕಡೆಗೇ ಹೊರಳುತ್ತಿದ್ದುದರಿಂದ ಈ ವಾರದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ.

ಅವರಿಗೆ 44 ವರ್ಷ, ವಿಮಾ ಕಚೇರಿಯಲ್ಲಿ ಕೆಲಸ. ಮಗ ಓದಲು ಬೇರೆ ಊರಿಗೆ ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತು. ಹೈಸ್ಕೂಲಿನಲ್ಲಿ ನಾಟಕವಾಡಿದ್ದ ನೆನಪು ಮತ್ತೆ ಕಾಡಿ, ಒಂದೂವರೆ ವರ್ಷದ ಹಿಂದೆ ಊರಿನ ಹವ್ಯಾಸಿ ರಂಗತಂಡವೊಂದನ್ನು ಸೇರಿದರು. ಅಲ್ಲಿ ಸಂಬಳಕ್ಕೆ ದುಡಿಯುವವರು ಯಾರೂ ಇಲ್ಲ, ಎಲ್ಲರೂ ಕಚೇರಿ, ಅಂಗಡಿ, ಶಾಲೆ ಮುಗಿಸಿ ಬರುವವರೇ. ವಾರಕ್ಕೆ ಮೂರು ಸಂಜೆ ತಾಲೀಮು. ಈವರೆಗೆ ಎರಡು ನಾಟಕಗಳಾಗಿವೆ, ಎರಡರಲ್ಲೂ ಇವರು ಊರಿನ ಹೆಂಗಸರ ಗುಂಪಿನಲ್ಲಿ ನಿಂತಿದ್ದರು; ಮಾತಿರಲಿಲ್ಲ. ಈಗ ಮೂರನೆಯ ನಾಟಕದ ಓದು ಶುರುವಾಗಿದೆ. ರಾತ್ರಿ ಮನೆ ಸೇರುವಾಗ ಒಂಬತ್ತೂವರೆಯಾಗುತ್ತದೆ, ಸಾರು ಬಿಸಿ ಮಾಡಿಕೊಂಡು ಕಾಯುತ್ತಿರುವ ಯಜಮಾನರು ‘ಅಷ್ಟಕ್ಕೂ ಅಲ್ಲಿ ನಿನ್ನ ಪಾತ್ರ ಏನು?’ ಎಂದು ಕೇಳುತ್ತಾರೆ. ಆ ಮಾತು ಚುಚ್ಚಿದೆ. ಸಂಸಾರದ ನೆಮ್ಮದಿಗಾಗಿ ತಂಡವನ್ನು ಬಿಟ್ಟುಬಿಡಲೇ, ಇಲ್ಲವೇ ಯಜಮಾನರಿಗೆ ತಿಳಿಹೇಳುವ ದಾರಿ ಯಾವುದಾದರೂ ಇದೆಯೇ ಎಂಬುದು ಅವರ ಪ್ರಶ್ನೆ.

ನಾಲ್ಕು ಪುಟಗಳ ಪತ್ರದಲ್ಲಿ ಮೂರು ಪುಟ ಯಜಮಾನರ ಬಗ್ಗೆಯೇ ಇದೆ. ನನ್ನನ್ನು ತಡೆದು ನಿಲ್ಲಿಸಿದ್ದು ನಾಲ್ಕನೆಯ ಪುಟದ ಒಂದು ಸಾಲು: ‘ತಾಲೀಮಿನ ದಿನ ಹದಿನಾರು ಜನಕ್ಕೂ ಟೀ ನಾನೇ ಮನೆಯಿಂದ ಮಾಡಿಕೊಂಡು ಹೋಗುತ್ತೇನೆ, ಅದೇನು ದೊಡ್ಡ ವಿಷಯವಲ್ಲ ಬಿಡಿ.’

ನಿಮ್ಮ ಪತ್ರದಲ್ಲಿ ಅದಕ್ಕಿಂತ ದೊಡ್ಡ ವಿಷಯ ನನಗೆ ಬೇರೊಂದು ಕಾಣಲಿಲ್ಲ. ವಾರಕ್ಕೆ ಮೂರು ಸಂಜೆಯಂತೆ ಒಂದೂವರೆ ವರ್ಷ ಎಂದರೆ ಹಬ್ಬಹರಿದಿನಗಳನ್ನೆಲ್ಲ ಕಳೆದರೂ 200 ಸಂಜೆಗಳಾಗುತ್ತವೆ. ಐದೂವರೆಗೆ ಕಚೇರಿಯಿಂದ ಬಂದು, ಸೀರೆ ಬದಲಾಯಿಸುವುದಕ್ಕೂ ಮೊದಲು ಹಾಲು ಒಲೆಗಿಟ್ಟು, ಫ್ಲಾಸ್ಕ್ ತುಂಬಿಸಿಕೊಂಡು ಹೊರಟರೆ ನೀವು ತಲುಪುವುದು ಆರೂ ಕಾಲಿಗೆ. ಲೋಟಗಳನ್ನು ಜೋಡಿಸಿ, ಹಂಚಿ, ಆಮೇಲೆ ಅವನ್ನು ತೊಳೆದಿಡುವಷ್ಟರಲ್ಲಿ ಏಳು ಗಂಟೆ. ಆರರಿಂದ ಏಳರವರೆಗಿನ ಆ ಒಂದು ಗಂಟೆಯಲ್ಲಿ ತಾಲೀಮಿನ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೀವೇ ಬರೆದಿದ್ದೀರಿ: ಮೈ ಸಡಿಲಿಸುವ ವ್ಯಾಯಾಮ, ಧ್ವನಿಯ ಅಭ್ಯಾಸ, ಇಬ್ಬಿಬ್ಬರನ್ನು ಎದ್ದು ನಿಲ್ಲಿಸಿ ಸಣ್ಣ ಸನ್ನಿವೇಶ ಕಟ್ಟಿಸುವ ಆಟ, ಹೊಸ ನಾಟಕವಾದರೆ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರದ ಮಾತನ್ನು ಓದುವುದು. ನಾನೂ ಹನ್ನೆರಡು ವರ್ಷ ಹವ್ಯಾಸಿ ತಂಡವೊಂದರಲ್ಲಿ ಇದ್ದವಳು, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಪಾತ್ರ ಹಂಚಿಕೆಯ ದಿನ ನಿರ್ದೇಶಕರು ಹೆಸರುಗಳನ್ನು ಓದುತ್ತಾರೆಯೇ ಹೊರತು ಪಾತ್ರಗಳು ತೀರ್ಮಾನವಾಗುವುದು ಅದಕ್ಕೂ ಎಷ್ಟೋ ಮೊದಲು, ಈ ಒಂದು ಗಂಟೆಯಲ್ಲಿ. ಯಾರ ದನಿ ಕೊನೆಯ ಸಾಲಿನವರೆಗೆ ಮುಟ್ಟುತ್ತದೆ, ಯಾರು ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಂಡು ಉತ್ತರಿಸುತ್ತಾರೆ, ಯಾರ ನಡಿಗೆಯಲ್ಲಿ ಮುದುಕಿಯೂ ಯಾರ ನಡಿಗೆಯಲ್ಲಿ ರಾಣಿಯೂ ಅಡಗಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತಾಗುವುದು ಆಗಲೇ. ನಿಮ್ಮ ನಿರ್ದೇಶಕರು ನಿಮ್ಮನ್ನು ಕಡೆಗಣಿಸಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಅವರು ನಿಮ್ಮನ್ನು ನೋಡಿಯೇ ಇಲ್ಲ.

ನನ್ನ ಸಿಟ್ಟು ಇರುವುದು ನಿಮ್ಮ ತಂಡದ ಕಾರ್ಯದರ್ಶಿಗಳ ಮೇಲೆ. ಒಮ್ಮೆ ನೀವು ಸಂಕೋಚದಿಂದಲೇ ಪಾತ್ರದ ಮಾತೆತ್ತಿದಾಗ ಅವರು ‘ನಟಿಸುವವರು ಹತ್ತು ಜನ ಸಿಗುತ್ತಾರೆ ಮೇಡಂ, ನಿಮ್ಮಂಥವರು ಸಿಗುವುದಿಲ್ಲ’ ಎಂದರಂತೆ. ನಿಮಗೆ ಅದು ಖುಷಿ ಕೊಟ್ಟಿತಂತೆ. ಹೆಂಗಸರ ದುಡಿಮೆಗೆ ಹೊಗಳಿಕೆಯನ್ನೇ ಕೂಲಿಯಾಗಿ ಕೊಟ್ಟು ಕಳಿಸುವ ಈ ಅಭ್ಯಾಸದ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಆಸೆಯಿಂದ ಬಂದವರ ಆಸೆಯನ್ನು ಕೇಳಿ ತಿಳಿದುಕೊಳ್ಳುವುದು ಕಾರ್ಯದರ್ಶಿಯ ಮೊದಲ ಕೆಲಸ. ಅದನ್ನು ಮಾಡದೆ, ಹದಿನಾರು ಜನರ ಹಾಲು ಸಕ್ಕರೆಯ ಖರ್ಚನ್ನು ಒಬ್ಬರ ಕೈಯಿಂದ ಹಾಕಿಸಿಕೊಂಡು, ಅದಕ್ಕೆ ಸೇವೆಯೆಂದು ಹೆಸರಿಟ್ಟದ್ದು ಸರಿಯಲ್ಲ.

ರಂಗದ ಹಿಂದಿನ ಕೆಲಸವನ್ನು ನಾನು ಕೀಳು ಮಾಡುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಬೆಳಕು, ರಂಗಸಜ್ಜಿಕೆ, ಪರಿಕರ, ಪ್ರಸಾಧನ ಎಲ್ಲವೂ ಕಲಿತು ಮಾಡಬೇಕಾದ ವಿದ್ಯೆಗಳು. 1949ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಊರಿನವರೇ ಕಟ್ಟಿಕೊಂಡ ರಂಗಸಂಸ್ಥೆ ನೀನಾಸಮ್ ಇಷ್ಟು ದೂರ ಬಂದದ್ದು ಹಂಚಿಕೊಂಡು ದುಡಿಯುವ ಶಿಸ್ತಿನಿಂದ. 1985ರಲ್ಲಿ ಆರಂಭವಾದ, ಊರೂರು ಸುತ್ತಿ ನಾಟಕವಾಡುವ ಅದರ ‘ತಿರುಗಾಟ’ ತಂಡದಲ್ಲಿ ಸಂಜೆ ಬಣ್ಣ ಹಚ್ಚಿಕೊಳ್ಳುವವರೇ ಹಗಲು ರಂಗಸಜ್ಜಿಕೆಗೂ ಕೈ ಹಾಕುತ್ತಾರೆ. ಅಂಥ ಕಡೆ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ. ನಿಮ್ಮ ತಂಡದಲ್ಲಿ ಅದು 200 ಸಂಜೆಯೂ ಒಬ್ಬರಿಗೇ ಬಂದಿದೆ, ಮತ್ತು ಅದು ನಾಟಕದ ಕೆಲಸವೂ ಅಲ್ಲ. ನೀವು ಬೆಳಕಿನ ವಿನ್ಯಾಸವನ್ನೋ ರಂಗಪರಿಕರವನ್ನೋ ಕಲಿಯಲು ಬಯಸಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ನಿಮ್ಮ ಪತ್ರದಲ್ಲಿ ಆಸೆಪಟ್ಟಿರುವುದು ಮಾತಿರುವ ಪಾತ್ರಕ್ಕೆ. ಹೈಸ್ಕೂಲಿನಲ್ಲಿ ಕಲಿತ ಸಂಭಾಷಣೆ ಈಗಲೂ ಬಾಯಿಗೆ ಬರುತ್ತದೆ ಎಂದು ಎರಡು ಬಾರಿ ಬರೆದಿದ್ದೀರಿ.

ಇನ್ನು ನಿಮ್ಮ ಯಜಮಾನರ ವಿಚಾರ. ಅವರ ಬಗ್ಗೆ ನಿಮಗಿರುವಷ್ಟು ಬೇಸರ ನನಗಿಲ್ಲ. ಹೆಂಡತಿ ಬರುವವರೆಗೆ ಊಟ ಮಾಡದೆ ಕಾಯುವ, ಸಾರನ್ನು ತಾವೇ ಬಿಸಿ ಮಾಡಿಡುವ ಮನುಷ್ಯ ಅವರು. ಮದುವೆಗೆ ಮುಂಚೆ ಅವರ ಊರಿನ ‘ಕುರುಕ್ಷೇತ್ರ’ದಲ್ಲಿ ವಿದುರನ ಪಾತ್ರ ಮಾಡಿದ್ದರೆಂದೂ ಬರೆದಿದ್ದೀರಿ. ಹಾಗಿದ್ದರೆ ‘ನಿನ್ನ ಪಾತ್ರ ಏನು’ ಎಂಬ ಪ್ರಶ್ನೆಯನ್ನು ಅವರು ಕುಹಕದಿಂದಲೇ ಕೇಳಿದರೆಂದು ಏಕೆ ಭಾವಿಸಬೇಕು? ತುಮಕೂರು, ಮಂಡ್ಯ ಸೀಮೆಯ ಹಳ್ಳಿ ನಾಟಕಗಳ ಲೆಕ್ಕಾಚಾರ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿಯ ಬಾಡಿಗೆ ಎಲ್ಲವೂ ಆ ಹಣದಿಂದಲೇ ಹೊರಡಬೇಕು. ದ್ರೌಪದಿ, ರುಕ್ಮಿಣಿ, ಉತ್ತರೆಯರ ಪಾತ್ರಕ್ಕೆ ಬೇರೆ ಊರಿನಿಂದ ನಟಿಯರನ್ನು ಹಣ ಕೊಟ್ಟು ಕರೆಸುತ್ತಾರೆ. ಅಂದರೆ ಊರಿನ ಗಂಡಸರು ಹಣ ಕಟ್ಟಿ ಪಾತ್ರ ಮಾಡುತ್ತಾರೆ, ಹೊರಗಿನಿಂದ ಬಂದ ಹೆಣ್ಣುಮಕ್ಕಳು ಹಣ ಪಡೆದು ಪಾತ್ರ ಮಾಡುತ್ತಾರೆ. ನೀವು ಕೈಯಿಂದ ಹಣ ಹಾಕಿಯೂ ಪಾತ್ರವಿಲ್ಲದೆ ನಿಂತಿದ್ದೀರಿ. ರಂಗದ ಮೇಲೆ ನಿಂತು ಬಂದವರಿಗೆ ಈ ಅನ್ಯಾಯ ಬೇಗ ಕಾಣುತ್ತದೆ. ಅವರು ಅದನ್ನು ಇನ್ನಷ್ಟು ಮೃದುವಾಗಿ ಹೇಳಬಹುದಿತ್ತು, ಅಷ್ಟು ತಪ್ಪು ಅವರದೂ ಇದೆ.

ಈ ವಯಸ್ಸಿನಲ್ಲಿ ಪಾತ್ರ ಕೇಳುವುದು ಅತಿಯಾಸೆಯಾಗುತ್ತದೆಯೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲವನ್ನು ದಾಟಿ ಬಂದ ರಂಗಭೂಮಿ ನಮ್ಮದು. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀಯರದೇ ನಾಟಕ ಮಂಡಳಿ ಕಟ್ಟಿ, ಕಂಸ, ದುರ್ಯೋಧನ, ಭೀಮರ ಪಾತ್ರಗಳನ್ನು ತಾವೇ ಧರಿಸಿ ಜನರ ಚಪ್ಪಾಳೆ ಗಿಟ್ಟಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೀವು ಕಂಸನ ಪಾತ್ರವನ್ನೇನೂ ಕೇಳುತ್ತಿಲ್ಲ. ಹತ್ತು ಮಾತುಗಳಿರುವ ಒಂದು ಪಾತ್ರವನ್ನು ಕೇಳುತ್ತಿದ್ದೀರಿ, ಅದಕ್ಕೆ ಬೇಕಾದ 44 ವರ್ಷಗಳ ಬದುಕು ನಿಮ್ಮ ಬೆನ್ನಿಗಿದೆ.

ಆದ್ದರಿಂದ ತಂಡವನ್ನು ಬಿಡಬೇಡಿ, ಯಜಮಾನರಿಗೆ ಬುದ್ಧಿ ಹೇಳಲೂ ಹೋಗಬೇಡಿ. ಮಾಡಬೇಕಾದುದು ಒಂದೇ. ಮುಂದಿನ ತಾಲೀಮಿಗೆ ಫ್ಲಾಸ್ಕ್ ಇಲ್ಲದೆ, ಆರು ಗಂಟೆಗೆ ಐದು ನಿಮಿಷ ಮೊದಲೇ ಹೋಗಿ ಓದಿನ ಸುತ್ತಿನಲ್ಲಿ ಕುಳಿತುಕೊಳ್ಳಿ. ಟೀ ಎಲ್ಲಿ ಎಂದು ಖಂಡಿತ ಕೇಳುತ್ತಾರೆ; ಬೀದಿಯ ತುದಿಯಲ್ಲಿ ಅಂಗಡಿಯಿದೆ ಎಂದು ನೀವೇ ಬರೆದಿದ್ದೀರಿ, ಅದನ್ನೇ ಹೇಳಿ. ಕಾರಣ ಕೊಡಬೇಡಿ, ಕ್ಷಮೆ ಕೇಳಬೇಡಿ, ‘ನಾಳೆ ತರುತ್ತೇನೆ’ ಎಂಬ ಮಾತು ಬಾಯಿತಪ್ಪಿಯೂ ಬರದಂತೆ ನೋಡಿಕೊಳ್ಳಿ. ಓದಿನ ಸರದಿ ನಿಮ್ಮ ಬಳಿಗೆ ಬಂದಾಗ ದನಿ ತಗ್ಗಿಸದೆ ಓದಿ, ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಬಿಟ್ಟು ನೇರವಾಗಿ ನಿರ್ದೇಶಕರ ಬಳಿ ಹೋಗಿ, ‘ಈ ನಾಟಕದಲ್ಲಿ ನನಗೆ ಮಾತಿರುವ ಪಾತ್ರ ಮಾಡುವ ಆಸೆಯಿದೆ, ಓದಿಸಿ ನೋಡಿ’ ಎಂದು ಕೇಳಿ. ಅವರು ಯಾವ ಪುಟಗಳನ್ನು ಕೊಟ್ಟರೂ ಅವನ್ನು ಮನೆಗೆ ತನ್ನಿ. ಊಟವಾದ ಮೇಲೆ, ಎದುರು ಪಾತ್ರದ ಮಾತುಗಳನ್ನು ಓದಲು ಆ ಪುಟಗಳನ್ನು ಹಳೆಯ ವಿದುರನ ಕೈಗೆ ಕೊಡಿ.