ರೇಡಿಯೇಷನ್ ಆದ ಕತ್ತಿಗೆ ಸ್ಟೆಂಟ್ ಹಾಕಿದ್ರೆ ಏನ್ ತೊಂದ್ರೆ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಂಗೆ 66 ವರ್ಷ. 12 ವರ್ಷದ ಹಿಂದೆ ಗಂಟಲು ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟಿದ್ರು, ವಾಸಿ ಆಗಿತ್ತು. ಈಗ ಬಲಗೈ ಹತ್ತು ನಿಮಿಷ ಸ್ವಾಧೀನ ತಪ್ಪಿ ಸರಿಹೋಯ್ತು, ಸ್ಕ್ಯಾನ್ ಮಾಡಿದ್ರೆ ಕತ್ತಿನ ಎಡಗಡೆ ರಕ್ತನಾಳ 80% ಬ್ಲಾಕ್ ಅಂತೆ. ಕುಯ್ಯೋದ್ ಬೇಡ, ಸ್ಟೆಂಟ್ (ನಾಳ ತೆರೆದಿಡೋ ಸಣ್ಣ ಜಾಲರಿ ಕೊಳವೆ) ಹಾಕೋಣ ಅಂತಿದಾರೆ. ಭಯ ಆಗ್ತಿದೆ.

ಉತ್ತರ: ಭಯ ಆಗೋದು ಸಹಜ ಕಣಮ್ಮ, ಆದ್ರೆ ತಡ ಮಾತ್ರ ಮಾಡ್ಬೇಡಿ, ಕೈ ಸ್ವಾಧೀನ ತಪ್ಪಿದ್ದು ದೊಡ್ಡ ಸ್ಟ್ರೋಕ್‌ಗೆ ಮುನ್ಸೂಚನೆ. ರೇಡಿಯೇಷನ್ ಬಿದ್ದ ಕತ್ತಲ್ಲಿ ಚರ್ಮ, ಮಾಂಸ ಎಲ್ಲಾ ಗಟ್ಟಿಯಾಗಿ ಅಂಟ್ಕೊಂಡಿರತ್ತೆ, ಕುಯ್ದ್ರೆ ಗಾಯ ಬೇಗ ಮಾಯಲ್ಲ, ನುಂಗೋಕೆ ಮಾತಾಡೋಕೆ ಬೇಕಾದ ನರಕ್ಕೂ ಪೆಟ್ಟಾಗ್ಬಹುದು, ಅದಕ್ಕೇ ಸ್ಟೆಂಟ್ ಅಂದಿರೋದು.

ಹಾಕುವಾಗ ಇರೋ ಮುಖ್ಯ ಅಪಾಯ ಅಂದ್ರೆ ಬ್ಲಾಕ್‌ನ ಚೂರು ಕಿತ್ತು ಮೆದುಳಿಗೆ ಹೋಗಿ ಸ್ಟ್ರೋಕ್ ಆಗೋದು, ಅದನ್ನ ಹಿಡಿಯೋಕೆ ಸಣ್ಣ ಕೊಡೆ ಥರದ ಫಿಲ್ಟರ್ ಇಡ್ತಾರೆ, ಆದ್ರೂ ಅಪಾಯ ಪೂರ್ತಿ ಹೋಗಲ್ಲ. ನಾಳ ಅಗಲ ಮಾಡೋಕೆ ಒಳಗೆ ಸಣ್ಣ ಬಲೂನ್ ಉಬ್ಬಿಸಿದಾಗ ನಾಡಿ, ಬಿಪಿ ಎರಡೂ ಇಳಿಯಬಹುದು, ಅದನ್ನ ಅಲ್ಲೇ ಸರಿಮಾಡ್ತಾರೆ.

ನಾನು ಹೆಚ್ಚು ಹೇಳ್ಬೇಕಾಗಿರೋದು ಮನೆಗೆ ಬಂದ್ಮೇಲಿನ ವಿಷ್ಯ. ಇಷ್ಟು ವರ್ಷ ಕಮ್ಮಿ ರಕ್ತಕ್ಕೆ ಹೊಂದ್ಕೊಂಡಿದ್ದ ಮೆದುಳಿಗೆ ಒಂದೇ ಸಲ ಜೋರಾಗಿ ರಕ್ತ ನುಗ್ಗಿದ್ರೆ ತಡ್ಕೊಳಕ್ಕಾಗಲ್ಲ, ಎಡಗಡೆ ವಿಪರೀತ ತಲೆನೋವು, ಫಿಟ್ಸ್ ಬರ್ಬಹುದು, ಒಳಗೆ ರಕ್ತಸ್ರಾವನೂ ಆಗ್ಬಹುದು. ಮೊದಲ ಕೆಲವು ವಾರ ಬಿಪಿ ದಿನಾ ನೋಡಿ ಬರೆದಿಡಿ, ಅಂಥ ತಲೆನೋವು ಬಂದ್ರೆ ನೋವಿನ ಮಾತ್ರೆ ಕೊಟ್ಟು ಮಲಗಿಸ್ಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ಹೋಗಿ.

ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರೆ ಎರಡೂ ಹೇಳಿದಷ್ಟು ದಿನ ತಪ್ಪಿಸ್ಬಾರದು, ಬಿಟ್ರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಬಹುದು. ಹಲ್ಲು ಕೀಳಿಸೋಕೆ ಅಂತ ಮಾತ್ರೆ ನಿಲ್ಲಿಸಿ ಬರೋರಿದಾರೆ, ದಯವಿಟ್ಟು ಬೇಡ, ರೇಡಿಯೇಷನ್ ಬಿದ್ದ ದವಡೆಯಲ್ಲಿ ಹಲ್ಲು ಕೀಳೋದೇ ಬೇರೆ ರಿಸ್ಕು, ಮೊದಲು ಸ್ಟೆಂಟ್ ಹಾಕಿದ ಡಾಕ್ಟ್ರು, ರೇಡಿಯೇಷನ್ ಕೊಟ್ಟ ಡಾಕ್ಟ್ರು ಇಬ್ರನ್ನೂ ಕೇಳಿ.

ಇನ್ನೊಂದು, ರೇಡಿಯೇಷನ್ ಆದೋರಲ್ಲಿ ಸ್ಟೆಂಟ್ ಮತ್ತೆ ಕಟ್ಕೊಳೋದು ಬೇರೆಯೋರಿಗಿಂತ ಜಾಸ್ತಿ, ಅದೂ ಸದ್ದಿಲ್ದೆ. ಹಾಗಾಗಿ ನಾಳದಲ್ಲಿ ರಕ್ತ ಹೇಗೆ ಹರೀತಿದೆ ಅಂತ ನೋಡೋ ಡಾಪ್ಲರ್ ಸ್ಕ್ಯಾನ್ ಮೊದಲ ವರ್ಷ ಎರಡ್ಮೂರು ಸಲ, ಆಮೇಲೆ ವರ್ಷಕ್ಕೊಂದ್ಸಲ ಮಾಡಿಸಿ, ಬಲಗಡೆ ನಾಳನೂ ಸೇರಿಸಿ, ಅದಕ್ಕೂ ರೇಡಿಯೇಷನ್ ಬಿದ್ದಿರತ್ತಲ್ವಾ. ಕತ್ತಿನ ಚರ್ಮ ಹುಣ್ಣಾಗಿ ರಕ್ತ ಒಸರೋದು ಅಪರೂಪ, ಆದ್ರೆ ಕಂಡ್ರೆ ಚೂರೇ ಇದ್ರೂ ಎಮರ್ಜೆನ್ಸಿ ಅಂತ್ಲೇ ತಿಳ್ಕೊಳಿ.