ಡಯಾಲಿಸಿಸ್‌ಗೆ ಹೋದರೆ ಅಪನಂಬಿಕೆಯಾ?

(ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಕರುಣಾ ಅವರಿಗೆ 46 ವರ್ಷ. ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ ಶಾಲಾ ಶಿಕ್ಷಕಿ. ಗಂಡ ದೇವದಾಸ್ ಅವರಿಗೆ ತುಂಬಾ ಹಳೆಯ ಸಕ್ಕರೆ ಕಾಯಿಲೆ. ಅದರಿಂದ ಎರಡೂ ಕಿಡ್ನಿ ಹಾಳಾಗಿ, ವಾರಕ್ಕೆ 3 ಸಲ ಡಯಾಲಿಸಿಸ್ ನಡೆಯುತ್ತಿತ್ತು. ಒಂದೊಂದು ಸಲಕ್ಕೂ ಸುಮಾರು 4 ಗಂಟೆ. ಮಗಳು ಪಿಯುಸಿ ಓದುತ್ತಿದ್ದಾಳೆ.

ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಕರುಣಾ ನನ್ನ ಹತ್ತಿರ ಬಂದರು. ಸ್ವಲ್ಪ ಹೊತ್ತಿಗೆ ಒಳಗಿನ ಮಾತು ಹೊರಗೆ ಬಂತು. "ನನ್ನ ನಂಬಿಕಿ ಕಡಿಮಿ ಐತಿ ಅಂತನ ಅವರಿಗೆ ಆರಾಮ ಆಗವಲ್ತು. ಹೌದಲ್ರಿ ಅಕ್ಕಾರ?"

ಹೊಸ ವರ್ಷದ ಮಧ್ಯರಾತ್ರಿ ಚರ್ಚ್ ಆರಾಧನೆಯಲ್ಲಿ ಅವರ ಕುಟುಂಬಕ್ಕೆ ವಾಗ್ದಾನದ ಕಾರ್ಡ್ ಸಿಕ್ಕಿತ್ತು, ಅಂದರೆ ಆ ವರ್ಷಕ್ಕೆ ದೇವರ ಮಾತು ಎಂದು ಸತ್ಯವೇದದ ಒಂದು ವಚನ ಬರೆದ ಕಾರ್ಡ್. ಅದರಲ್ಲಿ ಯೋಹಾನ 14:14 ಇತ್ತು. ನನ್ನ ಹೆಸರಿನಲ್ಲಿ ಏನು ಬೇಡಿಕೊಂಡರೂ ಮಾಡುತ್ತೇನೆ ಎಂದು ಯೇಸು ಸ್ವಾಮಿ ಶಿಷ್ಯರಿಗೆ ಹೇಳಿದ ಮಾತು. ಈ ವರ್ಷ ಗಂಡನಿಗೆ ವಾಸಿಯಾಗುತ್ತದೆ ಎಂದೇ ಕರುಣಾ ಅದನ್ನು ಹಿಡಿದುಕೊಂಡರು. ಮನೆಯಲ್ಲಿ ಉಪವಾಸ ಪ್ರಾರ್ಥನೆ ಶುರುವಾಯಿತು. ಪ್ರಾರ್ಥನಾ ಕೂಟಕ್ಕೆ ಬರುತ್ತಿದ್ದ ಒಬ್ಬರು, ವಾಸಿಯಾಯಿತು ಎಂದು ನಂಬಿದ ಮೇಲೂ ಮೆಶಿನ್ ಹತ್ತಿರ ಹೋಗುವುದು ಅಪನಂಬಿಕೆ ಎಂದರು. ಒಂದು ಡಯಾಲಿಸಿಸ್ ಬಿಟ್ಟರು. ಮುಂದಿನದನ್ನೂ ಬಿಟ್ಟರು. ದೇವದಾಸ್ ಅವರ ಕಾಲು ಬಾತುಕೊಂಡು, ರಾತ್ರೋರಾತ್ರಿ ಉಸಿರು ಕಟ್ಟಿ, ತುರ್ತು ವಿಭಾಗಕ್ಕೆ ಒಯ್ಯಬೇಕಾಯಿತು. ಜೀವ ಉಳಿಯಿತು. ಮರುದಿನ ನೋಡಲು ಬಂದ ಅದೇ ವ್ಯಕ್ತಿ, "ಈ ಮನೆಯಲ್ಲಿ ಯಾರದೋ ನಂಬಿಕೆ ಅಲ್ಲಾಡಿದೆ" ಎಂದು ಹೇಳಿ ಹೋದರು. ಅಂದಿನಿಂದ ಕರುಣಾಗೆ ನಿದ್ದೆ ಇಲ್ಲ.

ಸಾಯುವ ಯೋಚನೆ ಬರುತ್ತಿದೆಯಾ ಎಂದು ಮೊದಲು ನೇರವಾಗಿ ಕೇಳಿದೆ. ಇಲ್ಲ ಎಂದರು. ಯಾವತ್ತಾದರೂ ಬಂದರೆ ಹಗಲು ರಾತ್ರಿ ಎನ್ನದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಿ ಎಂದು ಬರೆದುಕೊಟ್ಟೆ. ಆಮೇಲೆ ಡಯಾಲಿಸಿಸ್ ಮಾತು. ಒಂದನ್ನೂ ತಪ್ಪಿಸಬಾರದು ಎಂದು ಖಡಾಖಂಡಿತವಾಗಿ ಹೇಳಿದೆ. ಕಿಡ್ನಿ ಕೆಲಸ ಮಾಡದಿದ್ದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಜಾಸ್ತಿಯಾದರೆ ಹೃದಯವೇ ನಿಲ್ಲಬಹುದು. ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ. ಇದನ್ನು ನಂಬಿಕೆಯ ಪರೀಕ್ಷೆ ಮಾಡಲು ಯಾರಿಗೂ ಹಕ್ಕಿಲ್ಲ.

ಅವರಿಗೆ ಬೇಕಾಗಿದ್ದದ್ದು ಸತ್ಯವೇದದ ಉತ್ತರ. ಹಾಗಾಗಿ ಮತ್ತಾಯ 4ನೇ ಅಧ್ಯಾಯ ತೆಗೆದೆವು. ಸೈತಾನ ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಕೆಳಗೆ ಹಾರು ಎನ್ನುತ್ತಾನೆ. ಅದಕ್ಕೆ ಅವನು ತೋರಿಸುವ ಆಧಾರ, ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎನ್ನುವ 91ನೇ ಕೀರ್ತನೆ. ನಮ್ಮ ವಾಗ್ದಾನದ ಕಾರ್ಡ್‌ಗಳಲ್ಲಿ ಎಷ್ಟೋ ಸಲ ಬರುವ ಕೀರ್ತನೆಯೇ ಅದು. ಯೇಸು ಆ ವಾಗ್ದಾನವನ್ನು ಸುಳ್ಳು ಎನ್ನಲಿಲ್ಲ. ಆದರೆ ಹಾರಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದರು. "ಡಯಾಲಿಸಿಸ್ ಬಿಟ್ಟದ್ದು ಹಾರಿದ ಹಾಗೇ ಆಯ್ತಲ್ರಿ" ಎಂದು ಕರುಣಾ ತಾವೇ ಹೇಳಿದರು. ಸತ್ಯವೇದದಲ್ಲೇ ಅಪೊಸ್ತಲ ಪೌಲನ ಜೊತೆಗಿದ್ದ ಲೂಕ ವೈದ್ಯ. ಜೊತೆ ಕೆಲಸಗಾರ ತಿಮೊಥೆಯನ ಹೊಟ್ಟೆನೋವಿಗೆ ಪೌಲ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಇವರಲ್ಲಿ ಯಾರ ನಂಬಿಕೆಯನ್ನೂ ಪೌಲ ಬೈಯಲಿಲ್ಲ.

"ಹಂಗಾರ ಆ ವಾಗ್ದಾನ ಸುಳ್ಳೇನ್ರಿ?" ಎಂದು ಕರುಣಾ ಇನ್ನೊಂದು ದಿನ ಕೇಳಿದರು. ಇದಕ್ಕೆ ಅವಸರದ ಉತ್ತರ ಕೊಟ್ಟರೆ ಅವರಿಗೆ ಅನ್ಯಾಯವಾಗುತ್ತದೆ. ಯೋಹಾನ 13ರಿಂದ 17ರವರೆಗೆ ಒಂದೇ ಸಲಕ್ಕೆ ಕೂತು ಓದಿ ಬನ್ನಿ ಎಂದೆ. ಕಾರ್ಡ್‌ನಲ್ಲಿ ಒಂದೇ ವಚನ ಇರುತ್ತದೆ. ಆದರೆ ಅದೆಲ್ಲವೂ ಒಂದೇ ರಾತ್ರಿಯ ಮಾತು, ಶಿಲುಬೆಯ ಹಿಂದಿನ ರಾತ್ರಿಯದು. ಏನು ಬೇಡಿಕೊಂಡರೂ ಮಾಡುತ್ತೇನೆ ಎಂದ ಯೇಸುವೇ ಅಂದು ಸಹಾಯಕನನ್ನು, ಅಂದರೆ ಪವಿತ್ರಾತ್ಮನನ್ನು, ಕಳುಹಿಸುತ್ತೇನೆ ಎಂದರು, ನನ್ನ ಸಮಾಧಾನವನ್ನು ಕೊಡುತ್ತೇನೆ ಎಂದರು, ಲೋಕದಲ್ಲಿ ನಿಮಗೆ ಸಂಕಟ ಇದೆ ಎಂದೂ ಹೇಳಿದರು. ಸಂಕಟ ಬರುತ್ತದೆ ಎನ್ನುವುದನ್ನು ಅವರು ಮುಚ್ಚಿಡಲಿಲ್ಲ. ಅಲ್ಲಿಂದ ಎದ್ದು ಗೆತ್ಸೆಮನೆ ತೋಟಕ್ಕೆ ಹೋಗಿ, ಈ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ನನ್ನಿಂದ ದಾಟಿಹೋಗಲಿ ಎಂದು ತಾವೇ ತಂದೆಯನ್ನು ಬೇಡಿಕೊಂಡರು. ಒಮ್ಮೆಯಲ್ಲ, ಮೂರು ಸಲ. ಪಾತ್ರೆ ದಾಟಿಹೋಗಲಿಲ್ಲ.

"ಯೇಸು ಸ್ವಾಮಿಗೆ ನಂಬಿಕೆ ಕಡಿಮೆ ಇತ್ತಾ ಕರುಣಾ?" ಎಂದೆ. ಅವರು ತುಂಬಾ ಹೊತ್ತು ಅತ್ತರು.

ಯೇಸುವಿನ ಹೆಸರಿನಲ್ಲಿ ಬೇಡುವುದು ಎಂದರೆ ಅವರ ಮನಸ್ಸಿನ ಜೊತೆ ನಿಂತು ಬೇಡುವುದು ಎಂದೇ ನಾನು ತಿಳಿದಿದ್ದೇನೆ. ಆತನ ಚಿತ್ತದಂತೆ ಬೇಡಿದರೆ ಕೇಳುತ್ತಾನೆ ಎಂದು ಯೋಹಾನನ ಮೊದಲ ಪತ್ರಿಕೆ ಹೇಳುತ್ತದೆ. ವಾಸಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಿ ಎಂದು ನಾನು ಕರುಣಾಗೆ ಹೇಳಲಿಲ್ಲ. ದೇವರು ವಾಸಿಮಾಡುತ್ತಾರೆ ಎಂದು ನಾನೂ ನಂಬುತ್ತೇನೆ. ಆದರೆ ಇಷ್ಟು ನಂಬಿಕೆ ತೂಗಿದರೆ ಇಷ್ಟು ಆರೋಗ್ಯ ಎಂದು ಅಳೆದುಕೊಡಲು ದೇವರು ತಕ್ಕಡಿ ಹಿಡಿದ ಅಂಗಡಿಯವರಲ್ಲ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗಿದ ತಂದೆಯ ಮಗನನ್ನು ಯೇಸು ವಾಸಿಮಾಡಿದರು. ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯದಲ್ಲಿ ಅಪೊಸ್ತಲ ಯಾಕೋಬ ಕತ್ತಿಗೆ ಬಲಿಯಾಗುತ್ತಾನೆ, ಪೇತ್ರ ಸೆರೆಮನೆಯಿಂದ ಹೊರಬರುತ್ತಾನೆ. ಯಾಕೋಬನ ನಂಬಿಕೆ ಸಾಲದಾಯಿತು ಎಂದು ಅಲ್ಲಿ ಎಲ್ಲೂ ಬರೆದಿಲ್ಲ.

ದೇವದಾಸ್ ಅವರನ್ನು ಬೇರೆಯಾಗಿ ಭೇಟಿಯಾದೆ. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಆ ಭೇಟಿ. ಬಾಯಲ್ಲಿ ಅಪನಂಬಿಕೆಯ ಮಾತು ಬರಬಾರದು ಎಂಬ ಕಟ್ಟು ಆ ಮನೆಯಲ್ಲಿತ್ತು. "ಸಾಯೋದಂದ್ರ ಅಂಜಿಕಿ ಬರತೈತ್ರಿ. ಬಾಯಿ ಬಿಟ್ರ ಎಲ್ಲಾರೂ ಬ್ಯಾಡ ಅಂತಾರ" ಎಂದರು. ಮಗಳ ಕಾಲೇಜಿನ ಬಗ್ಗೆ ಮಾತಾಡಬೇಕಿತ್ತು. ಬ್ಯಾಂಕ್ ಖಾತೆಯಲ್ಲಿ ನಾಮಿನಿಯಾಗಿ ಇನ್ನೂ ತೀರಿಹೋದ ತಾಯಿಯ ಹೆಸರೇ ಇತ್ತು. ಕಿಡ್ನಿ ಕಸಿಗೆ ಹೆಸರು ಕೊಡೋಣ ಎಂದರೆ ಅದೂ ಅಪನಂಬಿಕೆ. ಪ್ರಾರ್ಥಿಸುವವರು ಇಷ್ಟೊಂದು ಜನರಿದ್ದ ಮನೆಯಲ್ಲಿ ರೋಗಿ ಒಬ್ಬಂಟಿಯಾಗಿದ್ದರು.

ಕುಟುಂಬ ಪ್ರಾರ್ಥನೆಯಲ್ಲಿ 13ನೇ ಕೀರ್ತನೆ, 88ನೇ ಕೀರ್ತನೆ ಗಟ್ಟಿಯಾಗಿ ಓದಿ ಎಂದು ಇಬ್ಬರಿಗೂ ಹೇಳಿದೆ. 13ರಲ್ಲಿ ದಾವೀದ ಎಷ್ಟರವರೆಗೆ ಎಂದು ದೇವರನ್ನೇ ಮತ್ತೆ ಮತ್ತೆ ಕೇಳುತ್ತಾನೆ. 88 ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಎರಡೂ ದೇವರ ಮುಂದೆ ಹೇಳಿದ ಮಾತುಗಳೇ. ಓದಿದ ಮೇಲೆ ದೇವದಾಸ್ ಮಾತಾಡಲಿ, ಯಾರೂ ತಡೆಯಬೇಡಿ, ತಿದ್ದಬೇಡಿ. ನಾಮಿನಿ ಬದಲಾಯಿಸಲು ಗಂಡ ಹೆಂಡತಿ ಜೊತೆಯಲ್ಲೇ ಬ್ಯಾಂಕಿಗೆ ಹೋದರು.

ಅವರ ಅನುಮತಿ ಪಡೆದು ಸಭಾಪಾಲಕರ (ಅಯ್ಯನವರ) ಜೊತೆ ಮಾತಾಡಿದೆ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ರೋಗಿಯ ಕೆಲಸ ಸಭೆಯ ಹಿರಿಯರನ್ನು ಕರೆಸುವುದಷ್ಟೇ. ನಂಬಿಕೆಯಿಂದ ಪ್ರಾರ್ಥಿಸುವ ಹೊಣೆ ಬಂದವರದು. ಅಯ್ಯನವರು ಹಿರಿಯರೊಂದಿಗೆ ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಡಯಾಲಿಸಿಸ್‌ಗೆ ಕರೆದೊಯ್ಯುವ ಪಾಳಿಯನ್ನು ಯುವಜನರಿಗೆ ಹಂಚಿದರು. ಖರ್ಚು ಕೈಮೀರಿದ್ದರಿಂದ ಉಚಿತ ಡಯಾಲಿಸಿಸ್ ಇರುವ ತಾಲೂಕು ಸರ್ಕಾರಿ ಆಸ್ಪತ್ರೆಗೆ ಬದಲಾದರು. ಕಸಿಗಾಗಿ ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿದ್ದಾರೆ.

ಕರುಣಾಗೆ ಈಗ ಸ್ವಲ್ಪ ನಿದ್ದೆ ಬರುತ್ತಿದೆ. ಗಂಡನಿಗೆ ವಾಸಿಯಾಗಲಿ ಎಂದು ದಿನಾ ಬೇಡುತ್ತಾರೆ. ಅಪನಂಬಿಕೆ ಎಂದವರ ಮೇಲಿನ ಸಿಟ್ಟು ಮಾತ್ರ ಹೋಗಿಲ್ಲ, ಕ್ಷಮಿಸಲು ಆಗುತ್ತಿಲ್ಲ ಎಂಬ ಇನ್ನೊಂದು ಅಪರಾಧಭಾವ ಬಂದಿದೆ. ಅವಸರ ಬೇಡ, ಮೊದಲು ಮತ್ತಾಯ 18ರಲ್ಲಿ ಹೇಳಿದಂತೆ ಏನಾಯಿತು ಎಂದು ಅವರ ಮುಂದೆಯೇ ಹೇಳಿ ಎಂದಿದ್ದೇನೆ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಅಯ್ಯನವರನ್ನು ಕರೆದುಕೊಂಡು ಹೋಗಲಿ. ಆ ಮಾತುಕತೆ ಇನ್ನೂ ಆಗಬೇಕಿದೆ.